ಮನೆಮಂದಿ ಕೂಡಿರುವ ಹೊತ್ತಿನ ಜಾಹೀರಾತು

ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಹೆತ್ತವರು ಪದೇ ಪದೇ ಎತ್ತುವ ದೂರೊಂದಿದೆ. ರಾತ್ರಿಯ ಹೊತ್ತು ಮನೆಮಂದಿಯೊಂದಿಗೆ ಕುಳಿತು ವಾರ್ತೆಯನ್ನಾಗಲಿ, ಧಾರಾವಾಹಿಯನ್ನಾಗಲಿ, ಕ್ರಿಕೆಟ್ ಪಂದ್ಯವನ್ನಾಗಲಿ ನೋಡುವಂತಿಲ್ಲ. ನಡುನಡುವೆ ಬರುವ ಜಾಹೀರಾತುಗಳಿಂದ ಮಕ್ಕಳ ಎದುರಿನಲ್ಲಿಯೂ ವೃದ್ಧರ ಎದುರಿನಲ್ಲಿಯೂ ತಲೆ ತಗ್ಗಿಸಬೇಕಾಗಿದೆ ಎಂಬುದೇ ಆ ದೂರು. ಇದು ಸುಳ್ಳಲ್ಲ. ಆದರೆ ಅದಕ್ಕೆ ಮನೆಮನೆಗಳಲ್ಲಿ ಅನುಸರಿಸುತ್ತಿರುವ ಉಪಾಯವು, ಎಂದರೆ ಅವಸರದಿಂದ ರಿಮೋಟನ್ನು ಒತ್ತಿ ಚಾನೆಲ್ ಬದಲಾಯಿಸುವುದು, ಇಲ್ಲವೇ ನೀರು ತರುವ ನೆವದಿಂದ ಮಗುವನ್ನು ಒಳಗೆ ಕಳುಹಿಸುವುದು, ಸಾಕಾದೀತೇ ಎಂಬುದನ್ನು ವಿಚಾರಿಸಬೇಕಾಗಿದೆ. ವಿದ್ಯಾರ್ಥಿಗಳೂ ಹೆತ್ತವರೂ ಇದನ್ನು ಒಟ್ಟಿಗೆ ಓದಿದರೆ ಒಳ್ಳೆಯದು.

ಮೊದಲು ಈ ವಸ್ತುವಿನ ಪೂರ್ವೇತಿಹಾಸವನ್ನು ಸ್ವಲ್ಪ ತಿಳಿಯೋಣ. ಹಣ ತೆತ್ತು ದೂರದರ್ಶನದಲ್ಲಿ ಪ್ರಸಾರ ಮಾಡಿಸಿದ ಮೊತ್ತಮೊದಲ ಜಾಹೀರಾತು 1941ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ಬೇಸ್‌ಬಾಲ್ ಪಂದ್ಯವೊಂದರ ಮೊದಲು ಬಂದಿತು. ಅದು ಗಡಿಯಾರದ ಕಂಪನಿಯೊಂದರದು. ನಮ್ಮ ದೇಶದಲ್ಲಿ ದೂರದರ್ಶನವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ಆರಂಭವಾಯಿತಾದರೂ ಜಾಹೀರಾತಿಗೆ ಅಲ್ಲಿ ಪ್ರವೇಶ ದೊರೆತುದು 1976ರಲ್ಲಿ. ಆಕಾಶವಾಣಿಯ ವಿವಿಧಭಾರತಿಯಲ್ಲಿ ಮಾತ್ರ ಅದು 1967ರಲ್ಲಿಯೇ ಕೇಳಿಬಂದಿತ್ತು. 1987ರ ಜನವರಿಯಿಂದ ಆದಿತ್ಯವಾರ ಬೆಳಗ್ಗೆ 'ರಾಮಾಯಣ' ಧಾರಾವಾಹಿ ಬರುತ್ತಿದ್ದಾಗ ಊರಿಗೊಂದರಂತೆ ಇದ್ದ ಪೆಟ್ಟಿಗೆಯ ಮುಂದೆ ನೆರೆಕರೆಯವರೆಲ್ಲ ಚಾಪೆ ಹಾಸಿ ಕುಳಿತಿದ್ದುದು ಈಗಿನ ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಆಗ ಇದ್ದುದು ಸರಕಾರದ ಒಂದು ಸಂಸ್ಥೆ ಮಾತ್ರ. 1991ರ ತರುವಾಯ ಉಪಗ್ರಹದ ಮೂಲಕ ಖಾಸಗಿ ಚಾನೆಲುಗಳು ಬಂದುವು. 1994ರಲ್ಲಿ ಕನ್ನಡದಲ್ಲಿಯೂ ಬಂದುವು. ಈಗ ನಮ್ಮ ಕಾಸರಗೋಡಿನ ಮನೆಗಳಲ್ಲಿ ಕನ್ನಡ, ಮಲಯಾಳ, ಹಿಂದಿ ಎಂಬ ಭೇದವಿಲ್ಲದೆ ಎಲ್ಲ ಭಾಷೆಗಳ ಚಾನೆಲುಗಳೂ ಬರುತ್ತವೆ. ಭಾಷೆ ಮೂರಾದರೂ ಜಾಹೀರಾತು ಹೆಚ್ಚಾಗಿ ಒಂದೇ.

ಇನ್ನು ಈ ವ್ಯಾಪಾರ ನಡೆಯುವ ರೀತಿ. ಧಾರಾವಾಹಿಯೇ ಮುಖ್ಯವೆಂದೂ ಜಾಹೀರಾತು ಅದಕ್ಕೆ ಒದಗಿದ ವಿಘ್ನವೆಂದೂ ನಾವು ಭಾವಿಸುತ್ತೇವೆ. ಚಾನೆಲಿನ ಒಡೆಯನ ಲೆಕ್ಕ ಇದಕ್ಕೆ ತೀರ ವಿರುದ್ಧವಾದುದು. ಆತನು ಮಾರುವುದು ನಮ್ಮ ಹೊತ್ತನ್ನು. ಸಂತೆಯ ದಿನ ಜನ ನೆರೆಯುವ ಕಡೆಯಲ್ಲಿ ಅಂಗಡಿಯ ಜಾಗಕ್ಕೆ ಬಾಡಿಗೆ ಹೆಚ್ಚು ಎಂಬುದು ಎಲ್ಲರಿಗೂ ತಿಳಿದ ವಿಷಯ. ಅಂತೆಯೇ ಮನೆಮಂದಿಯೆಲ್ಲ ಒಟ್ಟು ಸೇರುವ ಸಂಜೆ ಏಳರಿಂದ ಹತ್ತರ ವರೆಗಿನ ಹೊತ್ತಿಗೆ ಅತ್ಯಧಿಕ ಬೆಲೆಯಿದೆ. ಆ ಬೆಲೆಯನ್ನು ಹತ್ತು ಹತ್ತು ಸೆಕೆಂಡುಗಳ ತುಂಡುಗಳಾಗಿ ಲೆಕ್ಕ ಹಾಕುತ್ತಾರೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು ಅಳೆಯಲು 2015ರಿಂದ ಬಾರ್ಕ್ ಎಂಬ ಸಂಸ್ಥೆಯು ದೇಶದಲ್ಲಿ ಆರಿಸಿದ ಐವತ್ತು ಸಾವಿರಕ್ಕೂ ಮಿಕ್ಕಿದ ಮನೆಗಳಲ್ಲಿ ಮೀಟರುಗಳನ್ನು ಇರಿಸಿದೆ. ಆ ಮೀಟರು ಎಣಿಸುವುದು ತಲೆಗಳನ್ನು. ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳು ಕುಳಿತಾಗ ಆಕೆಗೆ ಸಂಕೋಚವಾಯಿತೇ ಇಲ್ಲವೇ ಎಂಬುದನ್ನು ಅದು ಹೇಳಲಾರದು. ಆದುದರಿಂದಲೇ ಮನೆಯವರು ಕೂಡಿರುವ ಹೊತ್ತಿಗೂ ಅದಕ್ಕೆ ಸಲ್ಲದ ಜಾಹೀರಾತಿಗೂ ಈ ವಿಚಿತ್ರವಾದ ಗಂಟು ಬಿದ್ದಿದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಮಾಡಬಹುದು. 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಾವಳಿಯ 7ನೆಯ ನಿಯಮವು ಒಂದು ಗಂಟೆಗೆ ಹನ್ನೆರಡು ನಿಮಿಷಗಳಿಗೆ ಮಿಕ್ಕಿ ಜಾಹೀರಾತು ಕೂಡದೆನ್ನುತ್ತದೆ. ಅದರಲ್ಲಿ ಹತ್ತು ನಿಮಿಷ ಸರಕುಗಳಿಗೆ, ಎರಡು ನಿಮಿಷ ಚಾನೆಲಿನ ಸ್ವಂತ ಪ್ರಚಾರಕ್ಕೆ. ಮಿತಿಯನ್ನು ಮೀರುವುದಿಲ್ಲವೆಂದೇ ಇಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆ ನೋಡುವ ಹುಡುಗನಿಗೆ 24 ನಿಮಿಷಗಳಾದುವು. ವರ್ಷಕ್ಕೆ 8,760 ನಿಮಿಷ, ಎಂದರೆ 146 ಗಂಟೆ. ದಿನಕ್ಕೆ ಐದು ಗಂಟೆಯ ಶಾಲೆಯೆಂದು ಎಣಿಸಿದರೆ ಇದು ಇಪ್ಪತ್ತೊಂಬತ್ತು ದಿನಗಳ ಪಾಠಕ್ಕೆ ಸಮ. ಇಷ್ಟು ದಿನ, ಇಷ್ಟು ಖರ್ಚು ಮಾಡಿ, ಇಷ್ಟು ಜಾಣ್ಮೆಯಿಂದ ಪಾಠ ಹೇಳುವ ಮಾಸ್ತರರು ನಮ್ಮ ಶಾಲೆಯಲ್ಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಮಗ್ಗಿಯಲ್ಲಿ ಹದಿಮೂರು ಬಂದೊಡನೆ ತಡವರಿಸುವ ಹುಡುಗನು ಸಾಬೂನಿನ ಹಾಡನ್ನು ಒಂದಕ್ಷರ ತಪ್ಪದೆ ಒಪ್ಪಿಸುವುದು ಸುಮ್ಮನೆ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅನುಚಿತವಾದುದು ಯಾವುದು?

ಹೆತ್ತವರ ಮನಸ್ಸಿಗೆ ಮೊದಲು ಬರುವುದು ಅಸಭ್ಯವಾದ ಚಿತ್ರಗಳು. ಮೇಲೆ ಹೇಳಿದ 7ನೆಯ ನಿಯಮವು ಅಸಭ್ಯವೂ ಅಶ್ಲೀಲವೂ ಜುಗುಪ್ಸೆ ಹುಟ್ಟಿಸತಕ್ಕದ್ದೂ ಆದ ಜಾಹೀರಾತುಗಳನ್ನು ವರ್ಜಿಸಬೇಕೆಂದು ವಿಧಿಸಿದೆ. ಸ್ತ್ರೀಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ ಕಾನೂನು 1986ರಿಂದಲೂ ಇದೆ. ಆದರೂ ಸುಗಂಧದ್ರವ್ಯದ ಜಾಹೀರಾತುಗಳ ವಿಷಯದಲ್ಲಿ 2011ರ ಮೇ ತಿಂಗಳಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ ಮಧ್ಯೆ ಪ್ರವೇಶಿಸಿ, ಅವುಗಳನ್ನು ತಿದ್ದಿಸಬೇಕು ಇಲ್ಲವೇ ನಿಲ್ಲಿಸಬೇಕು ಎಂದು ಹೇಳಬೇಕಾಯಿತು. 2022ರ ಜೂನ್‌ನಲ್ಲಿ ಇನ್ನೊಂದು ಸುಗಂಧದ ಜಾಹೀರಾತು ಬಂದಿತು. ನಾಲ್ವರು ಯುವಕರ ದ್ವಂದ್ವಾರ್ಥದ ಮಾತಿಗೆ ಒಬ್ಬಳು ಯುವತಿ ಬೆದರುವುದು, ಆ ಬೆದರಿಕೆಯೇ ವಿನೋದವಾಗುವುದು ಅದರ ವಸ್ತು. ಕ್ರಿಕೆಟ್ ಪಂದ್ಯದ ನಡುವೆ, ಮಕ್ಕಳು ನೋಡುತ್ತಿರುವಾಗಲೇ, ಅದು ಪ್ರಸಾರವಾಯಿತು. ಜನರ ಆಕ್ರೋಶದ ಮೇಲೆ ಸಚಿವಾಲಯವು ಅದನ್ನು ತೆಗೆಸಿಹಾಕಿತು. ಆ ಜಾಹೀರಾತಿನಲ್ಲಿ ಯಾರ ಮೈಯ ಬಟ್ಟೆಯೂ ಕಡಮೆಯಿರಲಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಒಬ್ಬರ ಭಯವನ್ನು ಮತ್ತೊಬ್ಬರ ನಗೆಗೆ ಸಾಧನವಾಗಿಸುವುದೇ ಅಲ್ಲಿದ್ದ ಅಶ್ಲೀಲತೆ.

ಇದಕ್ಕೆ ಪ್ರತಿಯಾಗಿ ಬೇರೊಂದು ಜಾಹೀರಾತನ್ನು ತೆಗೆದುಕೊಳ್ಳೋಣ. ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ ಬಳಸುವ ಪ್ಯಾಡಿನದು. ಅದು ಪರದೆಯ ಮೇಲೆ ಬಂದೊಡನೆ ಅನೇಕ ಮನೆಗಳಲ್ಲಿ ಅಪ್ಪನ ಕೈ ರಿಮೋಟಿಗೆ ಹೋಗುತ್ತದೆ, ಅಮ್ಮನ ಮುಖ ಅಡಿಗೆಮನೆಯ ಕಡೆಗೆ ತಿರುಗುತ್ತದೆ. ಈ ವಸ್ತುವಿನಲ್ಲಿ ಅಸಭ್ಯವಾದುದೇನಿದೆ? ನಮ್ಮ ಏಳನೆಯ ತರಗತಿಯ ಹುಡುಗಿಯರಿಗೆ ಅದು ಬೇಕಾದ ವಸ್ತು. ಅಧ್ಯಾಪಿಕೆಯರು ಅದರ ಬಳಕೆಯನ್ನು ತಿಳಿಸಿಕೊಡುತ್ತಾರೆ. ಜೀವಶಾಸ್ತ್ರದ ಪಾಠದಲ್ಲಿ ಆ ದೇಹಧರ್ಮದ ವಿವರಣೆಯಿದೆ. ಜಾಹೀರಾತಿನವರು ಬಹುಕಾಲ ರಕ್ತದ ಬದಲಾಗಿ ನೀಲಿ ನೀರನ್ನು ತೋರಿಸುತ್ತಿದ್ದರು, ಅಷ್ಟು ಸಂಕೋಚ ಅವರಿಗೂ ಇತ್ತು. ಆದರೆ ಮನೆಯಲ್ಲಿ ಆಗುವುದೇನೆಂದರೆ, ಸುಗಂಧದ್ರವ್ಯದ ಕೊಳಕು ಹಾಸ್ಯಕ್ಕೆ ಒತ್ತಿದ ಗುಂಡಿಯನ್ನೇ ಇದಕ್ಕೂ ಒತ್ತುತ್ತೇವೆ. ಪಕ್ಕದಲ್ಲಿ ಕುಳಿತ ಹನ್ನೆರಡು ವರ್ಷದ ಹುಡುಗಿ ತಾನಾಗಿ ಒಂದು ಪಾಠ ಕಲಿಯುತ್ತಾಳೆ: ತನ್ನ ದೇಹದ ಸಹಜ ಧರ್ಮವೂ ಆ ಕೊಳಕೂ ಒಂದೇ ಜಾತಿಯವು, ಎರಡನ್ನೂ ಅಪ್ಪ ನೋಡಲಾರರು. ಅವಳ ತಮ್ಮನೂ ಅದನ್ನೇ ಕಲಿಯುತ್ತಾನೆ. ಮುಂದೆ ಅವಳಿಗೆ ನಿಜವಾಗಿಯೇ ಯಾರಿಂದಲಾದರೂ ತೊಂದರೆಯಾದಾಗ ಅದನ್ನು ಮನೆಯಲ್ಲಿ ಹೇಳಲು ಬಾಯಿ ಬಾರದೆ ಹೋದರೆ ಅದರ ಬೇರು ಇಲ್ಲಿಯೂ ಇರುತ್ತದೆ. ಒಂದು ಮಾತನ್ನೂ ಆಡದೆ ನಾವು ಕಲಿಸಿದ ಪಾಠವಿದು.

ಕುಟುಂಬಯೋಜನೆಯ ಸಾಧನಗಳ ಜಾಹೀರಾತಿನಲ್ಲಿಯೂ ಈ ವಿವೇಚನೆ ಬೇಕು. 1968ರಲ್ಲಿ ಸರಕಾರವೇ 'ನಿರೋಧ್' ಎಂಬ ಹೆಸರಿನಿಂದ ಅಂತಹ ಸಾಧನವನ್ನು ಅಗ್ಗವಾಗಿ ಒದಗಿಸಿ ಪ್ರಚಾರ ಮಾಡಿತು. ಆಸ್ಪತ್ರೆಯ ಗೋಡೆಯ ಮೇಲಿನ ಕೆಂಪು ತ್ರಿಕೋನವನ್ನು ನೋಡಿ ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ಅದೇ ವಸ್ತುವನ್ನು ಈಗ ಕಾಮಪ್ರಚೋದಕವಾಗಿ ತೋರಿಸುವುದರಿಂದ ಮನೆಯವರಿಗೆ ಮುಜುಗರವಾಗಿದೆ. 2017ರ ಡಿಸೆಂಬರ್‌ನಲ್ಲಿ ಸಚಿವಾಲಯವು ಇಂತಹ ಜಾಹೀರಾತುಗಳು ರಾತ್ರಿ ಹತ್ತರಿಂದ ಬೆಳಗ್ಗೆ ಆರರ ವರೆಗೆ ಮಾತ್ರ ಬರಬೇಕೆಂದು ಸೂಚಿಸಿತು. ಅದೇ ತಿಂಗಳಿನಲ್ಲಿ, ಪ್ರಚೋದಿಸದೆ ತಿಳಿವಳಿಕೆ ಕೊಡತಕ್ಕವುಗಳಿಗೆ ಈ ಸೂಚನೆ ಅನ್ವಯಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಎರಡನೆಯ ಮಾತೇ ಸರಿಯೆಂದು ನನ್ನ ಅಭಿಪ್ರಾಯ. ವಸ್ತು ಬೇರೆ, ತೋರಿಸುವ ರೀತಿ ಬೇರೆ.

ಎರಡನೆಯ ಬಗೆಯ ಅನೌಚಿತ್ಯವು ಕಣ್ಣಿಗೆ ಕಾಣಿಸುವುದಿಲ್ಲ. ಆದಕಾರಣ ಅದಕ್ಕೆ ಯಾರೂ ರಿಮೋಟ್ ಒತ್ತುವುದೂ ಇಲ್ಲ. ಹೊಗೆಸೊಪ್ಪು, ಮದ್ಯ ಇವುಗಳ ಜಾಹೀರಾತನ್ನು 2000ದಲ್ಲಿ ಕೇಬಲ್ ನಿಯಮಗಳಿಂದಲೂ, ಹೊಗೆಸೊಪ್ಪಿನದನ್ನು 2003ರ ಪ್ರತ್ಯೇಕ ಕಾನೂನಿನಿಂದಲೂ ನಿಷೇಧಿಸಲಾಗಿದೆ. ಆಮೇಲೆ ಏನಾಯಿತು? ಅದೇ ಹೆಸರಿನ ಸೋಡಾ, ಅದೇ ಹೆಸರಿನ ಸಂಗೀತದ ತಟ್ಟೆ, ಅದೇ ಹೆಸರಿನ ಏಲಕ್ಕಿ ಬಂದುವು. "ಅಜ್ಜಾ, ಒಂದು ಏಲಕ್ಕಿ ಮಾರುವುದಕ್ಕೆ ಅಷ್ಟು ದೊಡ್ಡ ನಟ ಯಾಕೆ ಬರುವುದು?" ಎಂದು ಮಗು ಕೇಳಿದರೆ ಅಜ್ಜನು ಸಂತೋಷಪಡಬೇಕು, ಜಾಹೀರಾತನ್ನು ಓದುವ ವಿದ್ಯೆ ಅಲ್ಲಿಂದ ಆರಂಭವಾಗುತ್ತದೆ. ಏಲಕ್ಕಿಯ ಘಾಟಿಯಿಂದ ಏಲಕ್ಕಿಯನ್ನು ತರಿಸಿ ಪಾಯಸಕ್ಕೆ ಹಾಕುವ ನಮಗೆ ಅದನ್ನು ಕೊಳ್ಳಿರೆಂದು ಹೇಳಲು ಯಾವ ನಟನ ಅಗತ್ಯವೂ ಇಲ್ಲವಷ್ಟೆ. ಇಂತಹ ಬದಲಿ ಜಾಹೀರಾತನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರ ಮಾರ್ಗಸೂಚಿಗಳಲ್ಲಿ ನಿಷೇಧಿಸಿದೆ. ಈ ಮಾತನ್ನು ಬರೆಯುವಾಗ ನಮ್ಮ ಸೀಮೆಯವನಾದ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ನಮ್ಮ ತೋಟಗಳ ಅಡಿಕೆಗೆ ನ್ಯಾಯವಾದ ಬೆಲೆ ಸಿಗಲೆಂದು 1973ರಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರು ಸೇರಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಆದರೂ ಬೆಳೆದ ಅಡಿಕೆಯ ಒಂದು ಭಾಗ ಉತ್ತರದ ಪಾನ್ ಮಸಾಲೆಯ ಕಾರ್ಖಾನೆಗಳಿಗೆ ಹೋಗುತ್ತದೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಪುಸ್ತಕದ ಹಣ ಅಡಿಕೆಯಿಂದ ಬಂದುದು. ಹಾಗೆಂದು ಮಗುವಿನ ಪ್ರಶ್ನೆಗೆ ಸುಳ್ಳು ಉತ್ತರ ಕೊಡಲಾಗುವುದಿಲ್ಲ.

ಹಣ ಪಣಕ್ಕಿಟ್ಟು ಮೊಬೈಲಿನಲ್ಲಿ ಆಡುವ ಆಟಗಳ ಜಾಹೀರಾತು ಕೆಲವು ವರ್ಷ ಕ್ರಿಕೆಟಿನ ಬೆನ್ನು ಹತ್ತಿ ಮನೆಯೊಳಗೆ ಬಂದುದನ್ನು ಎಲ್ಲರೂ ಬಲ್ಲರು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂತಹ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಮಾಡಿತು.

ಮೂರನೆಯದು ಮಗುವನ್ನೇ ಉದ್ದೇಶಿಸಿದ ಜಾಹೀರಾತು. ಹಾಲಿಗೆ ಹಾಕುವ ಪುಡಿಯನ್ನು ಕುಡಿದರೆ ಎತ್ತರವಾಗುತ್ತೀ, ಜಾಣನಾಗುತ್ತೀ ಎನ್ನುವಂತಹುದು. 'ಆರೋಗ್ಯ ಪೇಯ' ಎಂಬುದಕ್ಕೆ ನಮ್ಮ 2006ರ ಆಹಾರ ಸುರಕ್ಷತಾ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಆದುದರಿಂದ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು ಆನ್‌ಲೈನ್ ವ್ಯಾಪಾರಿಗಳಿಗೆ ಇಂತಹ ಪುಡಿಗಳನ್ನು ಆ ಶೀರ್ಷಿಕೆಯ ಕೆಳಗೆ ಮಾರಕೂಡದೆಂದು ತಿಳಿಸಿತು. ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಸಕ್ಕರೆಯ ಪ್ರಮಾಣವನ್ನು ಮುದ್ರಿಸಿರುತ್ತಾರೆ. ಅದನ್ನು ಓದಲು ಬೇಕಾಗುವುದು ಶೇಕಡಾ ಲೆಕ್ಕ ಮಾತ್ರ. ಮೈಬಣ್ಣದ ಜಾಹೀರಾತು ಇದೇ ವರ್ಗಕ್ಕೆ ಸೇರತಕ್ಕದ್ದು. 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಲೇಪವೊಂದು ಬಿಳುಪೇ ಯಶಸ್ಸಿಗೆ ಕಾರಣವೆಂದು ನಾಲ್ಕು ದಶಕ ಸಾರಿದ ಬಳಿಕ 2020ರಲ್ಲಿ ತನ್ನ ಹೆಸರಿನೊಳಗಿನ 'ಫೇರ್' ಎಂಬ ಪದವನ್ನು ಬಿಟ್ಟಿತು. ಹೆಸರು ಹೋಯಿತು, ಆದರೆ ಕಪ್ಪು ಮೈಬಣ್ಣದ ಹುಡುಗಿಯನ್ನು ವಾರ್ಷಿಕೋತ್ಸವದ ನಾಟಕದಲ್ಲಿ ರಾಣಿಯ ಪಾತ್ರಕ್ಕೆ ಆರಿಸಿದರೆ ಸಹಪಾಠಿಗಳು ಪಿಸುಗುಟ್ಟುವುದು ಇನ್ನೂ ಹೋಗಿಲ್ಲ.

ಬೇರೆ ದೇಶಗಳು ಈ ವಿಷಯದಲ್ಲಿ ಹೆಚ್ಚು ಕಠಿಣವಾಗಿವೆ. ಕೆನಡಾದ ಕ್ಯುಬೆಕ್ ಪ್ರಾಂತವು 1980ರಿಂದ ಹದಿಮೂರು ವರ್ಷದೊಳಗಿನ ಮಕ್ಕಳನ್ನು ಉದ್ದೇಶಿಸಿದ ಜಾಹೀರಾತನ್ನು ನಿಷೇಧಿಸಿದೆ. ಸ್ವೀಡನ್ ದೇಶವು 1991ರಿಂದ ಹನ್ನೆರಡರೊಳಗಿನವರನ್ನು ಉದ್ದೇಶಿಸಿದ ದೂರದರ್ಶನ ಜಾಹೀರಾತಿಗೆ ಅವಕಾಶ ಕೊಟ್ಟಿಲ್ಲ. ನಮ್ಮಲ್ಲಿ ತಾಯಿಯ ಹಾಲಿಗೆ ಬದಲಾಗಿ ಕೊಡುವ ಪುಡಿಹಾಲಿನ ಜಾಹೀರಾತನ್ನು 1992ರ ಕಾನೂನಿನಿಂದ ತಡೆಯಲಾಗಿದೆ. ಮನಸ್ಸು ಮಾಡಿದರೆ ನಮ್ಮಿಂದಲೂ ಆಗುತ್ತದೆಂಬುದಕ್ಕೆ ಇದು ಸಾಕ್ಷಿ. 2022ರ ಮಾರ್ಗಸೂಚಿಗಳು ಚಿಪ್ಸ್, ಬಾಟಲಿ ಪಾನೀಯ ಮೊದಲಾದವುಗಳ ಜಾಹೀರಾತು ಮಕ್ಕಳ ಕಾರ್ಯಕ್ರಮಗಳ ನಡುವೆ ಬರಕೂಡದೆಂದಿವೆ. ಆದರೆ ನಮ್ಮ ಮಕ್ಕಳು ನೋಡುವುದು ಮಕ್ಕಳ ಕಾರ್ಯಕ್ರಮಗಳನ್ನಷ್ಟೇ ಅಲ್ಲ. ಅಮ್ಮನ ಜೊತೆ ಧಾರಾವಾಹಿಯನ್ನು, ಅಪ್ಪನ ಜೊತೆ ಪಂದ್ಯವನ್ನು ನೋಡುತ್ತಾರೆ. ಅಲ್ಲಿಗೆ ಈ ಬೇಲಿ ಮುಟ್ಟುವುದಿಲ್ಲ.

ದೂರು ಕೊಡುವ ದಾರಿಯೂ ಇದೆ. 2021ರ ಜೂನ್‌ನಲ್ಲಿ ತಿದ್ದಿದ ಕೇಬಲ್ ನಿಯಮಗಳ ಪ್ರಕಾರ ಪ್ರೇಕ್ಷಕನು ಮೊದಲು ಚಾನೆಲಿಗೇ ಬರೆಯಬೇಕು. ದೂರು ತಲಪಿದ 24 ಗಂಟೆಗಳೊಳಗೆ ಸ್ವೀಕೃತಿಯನ್ನೂ 15 ದಿನಗಳೊಳಗೆ ನಿರ್ಣಯವನ್ನೂ ಅದು ತಿಳಿಸತಕ್ಕದ್ದು. ತೃಪ್ತಿಯಾಗದಿದ್ದರೆ ಪ್ರಸಾರಕರ ಸ್ವಯಂನಿಯಂತ್ರಣ ಮಂಡಳಿಗೆ, ಅಲ್ಲಿಂದ ಕೇಂದ್ರ ಸರಕಾರದ ಸಮಿತಿಗೆ ಹೋಗಬಹುದು. ಜಾಹೀರಾತಿನ ವಿಷಯದಲ್ಲಿ 1985ರಲ್ಲಿ ಸ್ಥಾಪಿತವಾದ, ಮುಂಬಯಿಯಲ್ಲಿರುವ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೂ ಬರೆಯಬಹುದು. ಬರೆಯುವಾಗ ಚಾನೆಲು, ದಿನಾಂಕ, ಹೊತ್ತು, ವಸ್ತುವಿನ ಹೆಸರು, ಆಕ್ಷೇಪಾರ್ಹವಾದ ಮಾತು ಅಥವಾ ದೃಶ್ಯ ಇವಿಷ್ಟು ಸ್ಪಷ್ಟವಾಗಿರಲಿ. 'ಎಲ್ಲ ಕೆಟ್ಟುಹೋಗಿದೆ' ಎಂದು ಬರೆದ ಕಾಗದಕ್ಕೆ ಯಾರೂ ಉತ್ತರ ಕೊಡಲಾರರು. ನಮ್ಮ ಹತ್ತನೆಯ ತರಗತಿಯವರು ಪತ್ರಲೇಖನದ ಅಭ್ಯಾಸವಾಗಿ ಊರ ಪಂಚಾಯತಿಗೆ ದಾರಿದೀಪದ ಕುರಿತು ಬರೆಯುವುದುಂಟು; ಇದನ್ನೂ ಬರೆಯಬಹುದು.

ಆದರೂ ದೂರಿನ ನಿರ್ಣಯವಾಗುವುದರೊಳಗೆ ಜಾಹೀರಾತು ನೂರು ಸಲ ಬಂದುಹೋಗಿರುತ್ತದೆ. ಆದುದರಿಂದ ಕೆಲಸವು ಮನೆಯ ಚಾವಡಿಯಲ್ಲಿಯೇ ಆಗಬೇಕು. ಜಾಹೀರಾತು ಮುಗಿದೊಡನೆ ಹೆತ್ತವರು ಮಗುವನ್ನು ಕೇಳಲಿ: ಇದನ್ನು ಮಾರುವವರು ಯಾರು? ನಮಗೆ ಏನನ್ನು ಹೇಳಿದರು, ಏನನ್ನು ಮುಚ್ಚಿಟ್ಟರು? ಈ ಹುಡುಗಿಯನ್ನು ಹೀಗೆ ತೋರಿಸುವುದಕ್ಕೂ ಮೋಟಾರು ಸೈಕಲಿಗೂ ಏನು ಸಂಬಂಧ? ನಿನ್ನ ಅಕ್ಕನನ್ನು ಹೀಗೆ ತೋರಿಸಿದ್ದರೆ ನಿನಗೆ ಹೇಗೆನಿಸುತ್ತಿತ್ತು? ಕೆಟ್ಟದಿದ್ದರೆ, "ಇದು ನನಗೆ ಸರಿಕಾಣುವುದಿಲ್ಲ, ಯಾಕೆಂದರೆ..." ಎಂದು ಕಾರಣ ಹೇಳಿ ನಿಲ್ಲಿಸಲಿ. ಕಾರಣವೇ ಮುಖ್ಯ. ಕಾರಣವಿಲ್ಲದೆ ಚಾನೆಲ್ ಬದಲಾಯಿಸಿದ ಕೈಯನ್ನು ಮಗು ನೆನಪಿಡುತ್ತದೆ, ಮತ್ತು ಹೊದಿಕೆಯೊಳಗೆ ಮೊಬೈಲನ್ನು ಹಿಡಿದು ಅದೇ ಚಿತ್ರವನ್ನು ಹುಡುಕುತ್ತದೆ. ಅಲ್ಲಿ ಅಜ್ಜಿಯಿಲ್ಲ, ಅಪ್ಪನಿಲ್ಲ, ಪ್ರಶ್ನೆ ಕೇಳಲು ಯಾರೂ ಇಲ್ಲ. ಮೊಬೈಲಿನ ಜಾಹೀರಾತು ಒಬ್ಬೊಬ್ಬನ ಅಭಿರುಚಿಯನ್ನು ಅರಿತು ಅವನೊಬ್ಬನಿಗೇ ಬರತಕ್ಕದ್ದು. ಅದನ್ನು ಯೋಚಿಸಿದರೆ, ಎಲ್ಲರ ಎದುರಿನಲ್ಲಿ ಬಂದು ಎಲ್ಲರನ್ನೂ ಮುಜುಗರಪಡಿಸುವ ದೂರದರ್ಶನದ ಜಾಹೀರಾತೇ ಮೇಲು. ಅದರ ಕುರಿತು ಮಾತನಾಡಲು ಹಿರಿಯರೊಬ್ಬರು ಪಕ್ಕದಲ್ಲಿದ್ದಾರೆ.

ಕನ್ನಡ ಶಾಲೆಯವರಾದ ನಮಗೆ ಇನ್ನೊಂದು ಹೊರೆಯಿದೆ. ಈ ಜಾಹೀರಾತುಗಳಲ್ಲಿ ಹೆಚ್ಚಿನವು ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ತುಟಿಯ ಚಲನೆಗೆ ಹೊಂದಿಸಿ ಕನ್ನಡಕ್ಕೆ ಮಾಡಿದವು. 'ನೀಡಿರಿ ನಿಮ್ಮ ಕೂದಲಿಗೆ ಹೊಸ ಜೀವ' ಎಂಬಂತೆ ಕ್ರಿಯಾಪದವನ್ನು ತಲೆಯ ಮೇಲೆ ಹೊತ್ತ ವಾಕ್ಯಗಳು ಅಲ್ಲಿ ಹೇರಳ. ತುಳು, ಮಲಯಾಳ, ಕೊಂಕಣಿ, ಬ್ಯಾರಿಗಳನ್ನು ಮನೆಯಲ್ಲಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಮಗುವಿಗೆ ಪಾಠಪುಸ್ತಕದ ಹೊರಗೆ ದಿನವೂ ಕಿವಿಗೆ ಬೀಳುವ ಕನ್ನಡ ಬಹುತೇಕ ಇದೇ. ಪ್ರಬಂಧದ ನೋಟುಪುಸ್ತಕಗಳನ್ನು ತಿದ್ದುವ ಅಧ್ಯಾಪಕರಿಗೆ ಇದರ ಗುರುತು ಚೆನ್ನಾಗಿ ಸಿಗುತ್ತದೆ.

ಅಭ್ಯಾಸ. ಐದನೆಯ ತರಗತಿಯಿಂದ ಮೇಲಿನವರು ಮಾಡತಕ್ಕದ್ದು:

ಮನೆಯ ಹಿರಿಯರೊಬ್ಬರ ಜೊತೆಯಲ್ಲಿ ಕುಳಿತು ಒಂದು ಸಂಜೆ ಏಳರಿಂದ ಎಂಟರ ವರೆಗೆ ಗಡಿಯಾರ ನೋಡಿ ಜಾಹೀರಾತಿನ ನಿಮಿಷಗಳನ್ನು ಗುರುತು ಹಾಕಿರಿ. ಹನ್ನೆರಡಕ್ಕೆ ಮಿಕ್ಕಿತೇ ಎಂದು ಬರೆಯಿರಿ. ಅದರಲ್ಲಿ ಒಂದನ್ನು ಆರಿಸಿ, ಅದು ಹೇಳಿದ ಮಾತನ್ನು ಒಂದು ಕಡೆಯಲ್ಲಿಯೂ ಹೇಳದೆ ಬಿಟ್ಟುದನ್ನು ಎದುರು ಕಡೆಯಲ್ಲಿಯೂ ಬರೆಯಿರಿ. ಅದರ ಕನ್ನಡ ಸರಿಯಿಲ್ಲದಿದ್ದರೆ ತಿದ್ದಿರಿ. ಜೊತೆಯಲ್ಲಿ ಕುಳಿತ ಹಿರಿಯರು ಪುಟದ ಕೊನೆಯಲ್ಲಿ ತಮ್ಮ ಒಂದು ವಾಕ್ಯವನ್ನು ಬರೆದು ಸಹಿ ಹಾಕಬೇಕು. ಓಣಂ ರಜೆ ಕಳೆದು ಶಾಲೆ ತೆರೆಯುವ ದಿನ ಪುಟವನ್ನು ತರಗತಿಯ ಅಧ್ಯಾಪಕರಿಗೆ ಒಪ್ಪಿಸತಕ್ಕದ್ದು.